ಏರಿನಲ್ಲಿ ಆಫ್ ಆಗುವ ಹಳೆಯ ಸ್ಪೋರ್ಟ್ಸ್ ಕಾರು: ಕಾರ್ಬ್ಯುರೇಟರಿಗೆ ಕೈ ಹಾಕುವ ಮೊದಲು

ತೋಟದ ಒಂದು ಮೂಲೆಗೆ ನೀರು ಬೀಳುತ್ತಿಲ್ಲ ಅಂದರೆ ನಾವು ಸ್ಪ್ರಿಂಕ್ಲರಿನ ಜೆಟ್ ಬಿಚ್ಚಿ ಕೂರುವುದಿಲ್ಲ. ಕೆರೆಯಲ್ಲಿ ನೀರಿದೆಯಾ, ಫುಟ್‌ವಾಲ್ವಿಗೆ ಕಸ ಸಿಕ್ಕಿದೆಯಾ, ಪೈಪು ಎಲ್ಲಿಯಾದರೂ ಗಾಳಿ ಎಳೆಯುತ್ತಿದೆಯಾ ಎಂದು ನೋಡುತ್ತೇವೆ. ಕಾರಿನ ವಿಷಯಕ್ಕೆ ಬಂದರೆ ಮಾತ್ರ ಈ ಬುದ್ಧಿ ಎಲ್ಲಿ ಹೋಗುತ್ತದೋ. ಆಫ್ ಆದ ಕೂಡಲೇ ಬಾನೆಟ್ ಎತ್ತಿ, ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಲು ಶುರು. ನಾನೂ ಹಾಗೇ ಮಾಡಿ ಎರಡು ಭಾನುವಾರ ಹಾಳು ಮಾಡಿಕೊಂಡವನು.

ನನ್ನದು ಮಾವನಿಂದ ಬಂದ 1969ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಕಾಸರಗೋಡಿನ ಬದಿಯಡ್ಕ ಬಿಟ್ಟು ಪೆರ್ಲದ ಕಡೆ ಹೋಗುವಾಗ ಏರಿನಲ್ಲಿ ನಾಲ್ಕು ಸಲ ಕೆಮ್ಮಿ ನಿಂತಿತು. ಹತ್ತು ನಿಮಿಷ ಬಿಟ್ಟರೆ ಏನೂ ಆಗದ ಹಾಗೆ ಸ್ಟಾರ್ಟ್. ಮನೆ ಅಂಗಳದಲ್ಲಿ ಗಂಟೆಗಟ್ಟಲೆ ಓಡಿಸಿದರೂ ಆಫ್ ಆಗುವುದಿಲ್ಲ. ಮೂರನೇ ವಾರ ನಮ್ಮೂರ ಹಳೆ ಮೇಸ್ತ್ರಿಯನ್ನು ಕರೆದೆ. ಅಂಬಾಸಿಡರ್ ಕಾಲದ ಕೈ ಅವರದ್ದು. ಎಂಜಿಬಿಯ 1798 ಸಿಸಿ ಎಂಜಿನ್ನೂ ಹಳೆ ಅಂಬಾಸಿಡರಿನ 1489 ಸಿಸಿ ಎಂಜಿನ್ನೂ ಒಂದೇ ಮನೆತನದವು, ಹಾಗಾಗಿ ಅವರಿಗೆ ಈ ಗಾಡಿ ಹೊಸದೇನಲ್ಲ. ಬಾನೆಟ್ ಕಡೆ ನೋಡಲೇ ಇಲ್ಲ. "ಎಂತ ಮಾರಾಯ್ರೇ, ಟಾಂಕಿಯಿಂದ ಶುರು ಮಾಡಿದ್ರಾ ಇಲ್ವಾ?" ಎಂದು ಕೇಳಿದರು.

ಹೇಗೆ ನಿಂತಿತು?

ಉಪಕರಣ ಹಿಡಿಯುವ ಮೊದಲು ಕಾರು ನಿಂತ ರೀತಿ ನೆನಪು ಮಾಡಿಕೊಳ್ಳಿ. ಸ್ವಿಚ್ ಒತ್ತಿದ ಹಾಗೆ ಒಮ್ಮೆಲೇ ಆಫ್ ಆದರೆ ಹೆಚ್ಚಾಗಿ ಕರೆಂಟಿನ, ಅಂದರೆ ಕಿಡಿಯ ತೊಂದರೆ: ಕಾಯಿಲ್, ಕಂಡೆನ್ಸರ್, ಪಾಯಿಂಟ್ ಅಥವಾ ಸಡಿಲವಾದ ವಯರು. ಮಿಸ್ಸಿಂಗ್ ಬಂದು, ಪಿಕಪ್ ಇಳಿದು, ಎರಡು ಸಲ ಜಗ್ಗಿ ನಿಂತರೆ ಪೆಟ್ರೋಲು ಸಾಲುತ್ತಿಲ್ಲ.

ಆರ್‌ಪಿಎಂ ಮುಳ್ಳು ಕೂಡ ಸಾಕ್ಷಿ ಹೇಳುತ್ತದೆ. ಕರೆಂಟಿನಲ್ಲಿ ನಡೆಯುವ ಮೀಟರಾದರೆ, ಗಾಡಿ ಇನ್ನೂ ಗೇರಿನಲ್ಲಿ ಉರುಳುತ್ತಿರುವಾಗಲೇ ಮುಳ್ಳು ಪಟಕ್ಕನೆ ಸೊನ್ನೆಗೆ ಬಿದ್ದರೆ ಕಾಯಿಲಿನ ಕಡೆ ಹುಡುಕಿ. ವೇಗದ ಜೊತೆಗೆ ಮೆಲ್ಲ ಇಳಿದರೆ ಈ ಲೇಖನ ಮುಂದೆ ಓದಿ.

ಮುಂದಿನ ಸಲ ನಿಂತಾಗ ಇಳಿದು ಮೊದಲು ಟಾಂಕಿ ಮುಚ್ಚಳ ತೆಗೆಯಿರಿ. ಉಸ್ಸ್ ಎಂದು ಗಾಳಿ ಒಳಗೆ ಎಳೆದುಕೊಂಡು, ಆಮೇಲೆ ಗಾಡಿ ಚೆನ್ನಾಗಿ ಓಡಿದರೆ ಟಾಂಕಿಗೆ ಗಾಳಿ ಹೋಗುವ ದಾರಿ ಮುಚ್ಚಿದೆ. ಹಳೆಯ ಮಾಡೆಲುಗಳಲ್ಲಿ ಮುಚ್ಚಳದಲ್ಲೇ ಗಾಳಿ ತೂತು ಇರುತ್ತದೆ. ಯಾರೋ ತೂತಿಲ್ಲದ ಮುಚ್ಚಳ ಹಾಕಿ ಬಿಟ್ಟಿರುವುದು ಅಪರೂಪವೇನಲ್ಲ. ನನ್ನ ಗಾಡಿಯಲ್ಲಿ ಮುಚ್ಚಳ ಸರಿ ಇತ್ತು. ಅಷ್ಟು ಸುಲಭದಲ್ಲಿ ಬಿಡುವ ಗಾಡಿ ಅದಲ್ಲ.

ಪಂಪಿನ ಮಾತು ಕೇಳಿ

ಎಂಜಿಬಿಯಲ್ಲಿ ಎಸ್‌ಯು ಕಂಪನಿಯ ಎಲೆಕ್ಟ್ರಿಕ್ ಪಂಪು, ಬಲಗಡೆ ಹಿಂದಿನ ಚಕ್ರದ ಹತ್ತಿರ ಗಾಡಿಯ ಅಡಿಯಲ್ಲಿದೆ. ಮಳೆಗಾಲದ ಕೆಸರೆಲ್ಲ ಅದಕ್ಕೇ. ಕೀ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ, ಸುಮ್ನೆ ಕಿವಿ ಕೊಡಿ. ಟಕಟಕಟಕ ಎಂದು ಬೇಗ ಬಡಿದು, ನಿಧಾನವಾಗಿ, ನಿಲ್ಲಬೇಕು. ಕಾರ್ಬ್ಯುರೇಟರಿನ ಬೌಲ್, ಅಂದರೆ ಪೆಟ್ರೋಲು ನಿಲ್ಲುವ ಸಣ್ಣ ಬಟ್ಟಲು, ತುಂಬಿತು ಎಂದು ಅರ್ಥ.

ನಿಲ್ಲದೆ ಒಂದೇ ಸಮನೆ ಜೋರಾಗಿ ಬಡಿಯುತ್ತಿದ್ದರೆ ಟಾಂಕಿ ಖಾಲಿ, ಅಥವಾ ಟಾಂಕಿಗೂ ಪಂಪಿಗೂ ನಡುವೆ ಗಾಳಿ ಎಳೆಯುತ್ತಿದೆ. ಕಾರ್ಬ್ಯುರೇಟರಿನಿಂದ ಪೆಟ್ರೋಲು ತೊಟ್ಟಿಕ್ಕುತ್ತಿದ್ದರೆ ಬೌಲ್ ತುಂಬಿದಾಗ ಪೆಟ್ರೋಲು ನಿಲ್ಲಿಸುವ ನೀಡಲ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಸದ್ದೇ ಇಲ್ಲವಾದರೆ ಗಡಿಬಿಡಿಯಲ್ಲಿ ಪಂಪು ಸತ್ತಿತು ಎನ್ನಬೇಡಿ. ಮುಂದೆ ದಾರಿ ಕಟ್ಟಿದರೂ ಅದು ಸುಮ್ಮನಾಗುತ್ತದೆ. ಕಾರ್ಬ್ಯುರೇಟರಿನ ಹತ್ತಿರ ಹೋಸ್ ಬಿಚ್ಚಿ ಬಾಟ್ಲಿಗೆ ಹಿಡಿಯಿರಿ. ಆಗ ಬಡಿಯಲು ಶುರು ಮಾಡಿದರೆ ಪಂಪಿನ ತಪ್ಪಿಲ್ಲ, ನೀಡಲ್ ವಾಲ್ವ್ ನೋಡಿ. ಆಗಲೂ ಸದ್ದಿಲ್ಲವಾದರೆ ಸ್ಕ್ರೂಡ್ರೈವರಿನ ಹಿಡಿಯಿಂದ ಪಂಪಿಗೆ ಮೆಲ್ಲ ತಟ್ಟಿ. ತಟ್ಟಿದರೆ ಎಚ್ಚರಾಗುವ ಪಂಪಿನ ಒಳಗಿನ ಪಾಯಿಂಟ್ ಸುಟ್ಟಿರುತ್ತದೆ. ಎಚ್ಚರಾಗದಿದ್ದರೆ ಟೆಸ್ಟ್ ಲ್ಯಾಂಪು ಹಿಡಿದು ಕರೆಂಟು ಬರುತ್ತದಾ ನೋಡಿ. ಕಪ್ಪು ಅರ್ಥ್ ವಯರನ್ನು ಮರೆಯಬೇಡಿ. ಉಪ್ಪಳ, ಕುಂಬಳೆಯಂಥ ಕಡಲ ಬದಿಯಲ್ಲಿ ಇಟ್ಟ ಗಾಡಿಗಳಲ್ಲಿ ತುಕ್ಕು ಮೊದಲು ಹಿಡಿಯುವುದು ಅಲ್ಲಿಗೇ.

ಬಾಟ್ಲಿ ಪರೀಕ್ಷೆ

ಎಂಜಿನ್ ಪೂರ್ತಿ ತಣ್ಣಗಿರಬೇಕು. ಗಾಡಿ ಶೆಡ್ಡಿನ ಹೊರಗೆ ಇರಬೇಕು. ಬೀಡಿ ಸೇದುವವರನ್ನು ದೂರ ಕಳಿಸಿ. ಬೆಂಕಿ ಆರಿಸುವ ಸಿಲಿಂಡರು ಕೈಗೆ ಸಿಗುವಲ್ಲಿ ಇರಲಿ. ಕಾಯಿಲಿಗೆ ಬರುವ ಬಿಳಿ ವಯರನ್ನು ತೆಗೆದು ತುದಿಗೆ ಟೇಪು ಸುತ್ತಿ. ಇಲ್ಲವಾದರೆ ಕೀ ಆನ್ ಇಟ್ಟಷ್ಟು ಹೊತ್ತೂ ಕಾಯಿಲ್ ಸುಮ್ನೆ ಬಿಸಿಯಾಗುತ್ತದೆ.

ಹೋಸಿನ ತುದಿ ದೊಡ್ಡ ಬಾಟ್ಲಿಯೊಳಗೆ ಪೆಟ್ರೋಲಿನಲ್ಲಿ ಮುಳುಗಿರಲಿ. ಕೀ ಆನ್ ಮಾಡಿ. ಒಳ್ಳೆಯ ಪಂಪು ಅರ್ಧ ನಿಮಿಷಕ್ಕೆ ಅರ್ಧ ಲೀಟರ್ ಹತ್ತಿರ ಕೊಡಬೇಕು. ಗುಳ್ಳೆ ಬಂದರೆ ಗಾಳಿ ಎಳೆಯುತ್ತಿದೆ, ಟಾಂಕಿಯ ಕಡೆಯ ಕ್ಲಿಪ್ಪುಗಳನ್ನು ನೋಡಿ.

ನಾನು ಎಡವಿದ್ದು ಇಲ್ಲಿ. ಅರ್ಧ ಲೀಟರ್ ಬಂತು, ಪಾಸ್ ಎಂದು ಕೀ ಆಫ್ ಮಾಡಲು ಹೊರಟೆ. ಮೇಸ್ತ್ರಿ ನಿಲ್ಲಿಸಲು ಬಿಡಲಿಲ್ಲ. ದೊಡ್ಡ ಕ್ಯಾನ್ ಇಟ್ಟು ಪಂಪನ್ನು ಹಾಗೇ ಓಡಿಸಿದರು. ಎರಡನೇ ಲೀಟರಿಗೆ ಧಾರೆ ಸಪೂರ ಆಯಿತು, ಪಂಪು ಏದುಸಿರು ಬಿಡುವ ಹಾಗೆ ಬಡಿಯಲು ಹಿಡಿಯಿತು. ಟಾಂಕಿ ಮುಚ್ಚಳ ತೆಗೆದರೂ ವ್ಯತ್ಯಾಸ ಇಲ್ಲ. ಅಂದರೆ ಪಂಪಿನ ಹಿಂದೆ ಏನೋ ಇದೆ. ಟಾಂಕಿಯ ಒಳಗಿನ ಜಾಲರಿಗೆ ತುಕ್ಕು ತುಂಬಿದರೂ ಹೀಗೇ ಆಗುತ್ತದೆ. ಪಂಪಿನ ಕಡೆ ಪೈಪು ಕಳಚಿ ಟಾಂಕಿಯತ್ತ ಊದಿದೆವು. ಗುಳುಗುಳು ಎಂದು ಗಾಳಿ ಸಲೀಸಾಗಿ ಹೋಯಿತು.

ಉಳಿದದ್ದು ಟಾಂಕಿಗೂ ಪಂಪಿಗೂ ನಡುವಿನ ಒಂದು ಗೇಣು ರಬ್ಬರ್ ಹೋಸು. ಹೊರಗಿಂದ ನೋಡಿದರೆ ಹೊಸದರ ಹಾಗೆ. ಮೇಸ್ತ್ರಿ ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಪದರ ಬಾಳೆದಿಂಡಿನ ಸಿಪ್ಪೆಯ ಹಾಗೆ ಎದ್ದು ನಾಲಿಗೆಯಂತೆ ನೇತಾಡುತ್ತಿತ್ತು. ಏರಿನಲ್ಲಿ ಪೆಟ್ರೋಲು ಜಾಸ್ತಿ ಬೇಕಾದಾಗ ಎಳೆತಕ್ಕೆ ಆ ನಾಲಿಗೆ ಎದ್ದು ದಾರಿ ಮುಚ್ಚುತ್ತದೆ. ಹತ್ತು ನಿಮಿಷ ಬಿಟ್ಟರೆ ಮಲಗುತ್ತದೆ. ಊದಿದಾಗಲೂ ಅದೇ ಕಥೆ, ಗಾಳಿ ಅದನ್ನು ಒತ್ತಿ ಮಲಗಿಸಿ ಹೋಗಿತ್ತು.

ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ 20 ಶೇಕಡಾ ಎಥನಾಲ್ ಬೆರೆತ ಪೆಟ್ರೋಲು. ಹಳೆಯ ರಬ್ಬರಿಗೆ ಅದು ಆಗದು, ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಹೋಸಿನ ಮೇಲೆ ಎಸ್‌ಎಇ ಜೆ30 ಆರ್9 ಎಂದು ಅಚ್ಚಾಗಿರುವುದನ್ನೇ ಕೇಳಿ ತನ್ನಿ. ಅಡಿಕೆಗೆ ಮದ್ದು ಬಿಡುವ ಪಂಪಿನ ಪೈಪು ಮಿಕ್ಕಿದೆ ಎಂದು ಅದನ್ನು ಸಿಕ್ಕಿಸಬೇಡಿ.

ಕೊನೆಗೆ ಕಾರ್ಬ್ಯುರೇಟರ್

ಇಷ್ಟೆಲ್ಲ ಸರಿ ಇದ್ದೂ ಗಾಡಿ ನಿಲ್ಲುತ್ತಿದ್ದರೆ ಫ್ಲೋಟ್ (ತೇಲುವ ಡಬ್ಬಿ) ಇರುವ ಬೌಲಿನ ಮುಚ್ಚಳದ ಮೂರು ಸ್ಕ್ರೂ ಬಿಚ್ಚಿ. ತಳದಲ್ಲಿ ಪಾದರಸದ ಹಾಗೆ ಉರುಳುವ ಹನಿ ಕಂಡರೆ ಅದು ನೀರು. ಎಥನಾಲ್ ತೇವ ಹೀರುತ್ತದೆ. ಮಳೆಗಾಲದ ಆಟಿ ತಿಂಗಳು ಪೂರ್ತಿ ಅರೆ ಟಾಂಕಿಯಲ್ಲಿ ನಿಲ್ಲಿಸಿದ ಗಾಡಿಯಲ್ಲಿ ಇದು ಸಾಮಾನ್ಯ. ಅಂಥ ಪೆಟ್ರೋಲು ಪೂರ್ತಿ ಇಳಿಸಿಬಿಡಿ. ನೀಡಲ್ ವಾಲ್ವಿನ ಕಸ ತೆಗೆಯಿರಿ. ಮುಚ್ಚಳ ತಲೆಕೆಳಗೆ ಹಿಡಿದರೆ ಫ್ಲೋಟಿನ ಕೈಗೂ ಮುಚ್ಚಳದ ಅಂಚಿಗೂ 3ರಿಂದ 5 ಮಿಲಿಮೀಟರ್ ಸಂದು ಇರಬೇಕು.

ಓಡುವಾಗ ಸರಿ ಇದ್ದು, ಮಧ್ಯಾಹ್ನದ ಬಿಸಿಲಿಗೆ ಕಾಸರಗೋಡು ಪೇಟೆಯ ಟ್ರಾಫಿಕ್ ಬ್ಲಾಕಿನಲ್ಲಿ ಮಾತ್ರ ಆಫ್ ಆದರೆ ಪೆಟ್ರೋಲು ಬಿಸಿಗೆ ಆವಿಯಾಗುತ್ತಿದೆ. ಈ ಎಂಜಿನ್ನಿನಲ್ಲಿ ಕಾರ್ಬ್ಯುರೇಟರುಗಳು ಸೈಲೆನ್ಸರಿನ ಮ್ಯಾನಿಫೋಲ್ಡಿನ ಮೇಲೆಯೇ ಕೂತಿವೆ. ನಡುವಿನ ತಗಡಿನ ಹೀಟ್ ಶೀಲ್ಡ್ ಯಾರಾದರೂ ತೆಗೆದು ಎಸೆದಿದ್ದಾರಾ ನೋಡಿ.

ಹೊಸ ಹೋಸ್ ಹಾಕಿದ ಮೇಲೆ ಐವತ್ತು ಕಿಲೋಮೀಟರ್ ಓಡಿಸಿ ಕ್ಲಿಪ್ಪುಗಳನ್ನು ಇನ್ನೊಮ್ಮೆ ಬಿಗಿ ಮಾಡಿ, ಫಿಲ್ಟರ್ ಬದಲಿಸಿ. ನಾನು ಪೆರ್ಲದ ಏರಿಗೆ ಮೂರು ಸಲ ಹತ್ತಿಸಿ ಇಳಿಸಿದೆ, ನಿಲ್ಲಲಿಲ್ಲ. ಎರಡು ಭಾನುವಾರ ತಿರುಗಿಸಿದ ಮಿಕ್ಸ್ಚರ್ ಸೆಟ್ಟಿಂಗನ್ನು ಮೊದಲಿನ ಹಾಗೆ ಮಾಡಲು ಮೇಸ್ತ್ರಿಗೆ ಮತ್ತೊಂದು ದಿನ ಬೇಕಾಯಿತು. ಆ ದಿನದ ಸಂಬಳ ಬೇರೆಯೇ ಕೇಳಿ ತೆಗೆದುಕೊಂಡರು.