ತೊಳೆದ ಮೇಲೂ ಉಳಿಯುತ್ತಿದ್ದ ಸಿಲಿಂಡರಿನ ಜಿಡ್ಡು

ನೈಟ್ರಾಕ್ಸ್ (ಮಾಮೂಲಿ ಗಾಳಿಗಿಂತ ಆಕ್ಸಿಜನ್ ಹೆಚ್ಚಿರುವ ಮಿಶ್ರಣ) ತುಂಬಲೆಂದು ತೊಳೆದ ಸ್ಕೂಬಾ ಡೈವಿಂಗ್ ಸಿಲಿಂಡರಿನ ಕತ್ತಿನಲ್ಲಿ ನೀರು ಹರಡಿಕೊಳ್ಳದೆ ಹನಿಗಟ್ಟುತ್ತಿತ್ತು, ಅಂದರೆ ಜಿಡ್ಡು ಇನ್ನೂ ಉಳಿದಿತ್ತು. ಜಿಡ್ಡು ಹುಡುಕುವ ಯುವಿ (ನೇರಳಾತೀತ) ಟಾರ್ಚಿಗೆ ಏನೂ ಸಿಗಲಿಲ್ಲ. ಎಲ್ಲ ಜಿಡ್ಡೂ ಆ ಬೆಳಕಿಗೆ ಹೊಳೆಯುವುದಿಲ್ಲ, ನೀರಿನ ಪರೀಕ್ಷೆಯೇ ವಾಸಿ. ಕಾರಣ, ವಾಲ್ವಿನ ಥ್ರೆಡ್‌ಗೆ ಹಿಂದೆ ಬಳಿದಿದ್ದ ಸಿಲಿಕೋನ್ ಗ್ರೀಸ್. ವಾಲ್ವ್ ಪೂರ್ತಿ ಬಿಚ್ಚಿ, ಅದರಿಂದ ಸಿಲಿಂಡರಿನೊಳಗೆ ಚಾಚುವ ಡಿಪ್ ಟ್ಯೂಬ್ ಸಮೇತ ಬಿಸಿನೀರು, ಡಿಗ್ರೀಸರ್ ಹಾಕಿ ಉಜ್ಜಿ, ಜಾಲಾಡಿ, ಎಣ್ಣೆಯಂಶವಿಲ್ಲದ ಗಾಳಿಯಲ್ಲಿ ಒಣಗಿಸಿದೆ. ಸೋರದಂತೆ ತಡೆಯುವ ನೈಟ್ರೈಲ್ ರಬ್ಬರಿನ ಓ-ರಿಂಗ್ ತೆಗೆದು ವೈಟಾನ್ (ಫ್ಲೋರಿನ್ ಇರುವ ರಬ್ಬರು) ಓ-ರಿಂಗ್ ಹಾಕಿ, ಆಕ್ಸಿಜನ್‌ಗೆ ಹೊಂದುವ ಫ್ಲೋರಿನ್ ಗ್ರೀಸ್ ತೆಳ್ಳಗೆ ಸವರಿದೆ. ಈಗ ನೀರು ಒಂದೇ ಪದರವಾಗಿ ಇಳಿಯುತ್ತದೆ.

ಖಾಲಿ ಸಿಲಿಂಡರಿನಲ್ಲಿ 200 ಬಾರ್ ಒತ್ತಡಕ್ಕೆ 32% ಆಕ್ಸಿಜನ್ ಇರುವ ನೈಟ್ರಾಕ್ಸ್ ಬೇಕಾದರೆ ಮೊದಲು ಸುಮಾರು 28 ಬಾರ್ ಶುದ್ಧ ಆಕ್ಸಿಜನ್, ನಿಮಿಷಕ್ಕೆ 5 ಬಾರ್ ಮೀರದಂತೆ. ರಭಸವಾಗಿ ಬಿಟ್ಟರೆ ಬಿಸಿಯೇರಿ ಉಳಿದ ಜಿಡ್ಡು ಹೊತ್ತಿಕೊಳ್ಳಬಹುದು. ಮೇಲೆ ತುಂಬುವ ಗಾಳಿಯೂ ಹೆಚ್ಚುವರಿ ಫಿಲ್ಟರ್ ದಾಟಿ ಬಂದದ್ದೇ ಆಗಿರಲಿ. ಮಾಮೂಲಿ ಕಂಪ್ರೆಸರ್ ಗಾಳಿ ಒಮ್ಮೆ ಹೊಕ್ಕರೂ ಮತ್ತೆ ತೊಳೆಯುವುದೇ ಗತಿ.