ಒಂದು ದಿನದ ಉಸಿರಿನ ಲೆಕ್ಕ ಬರೆದಿಡುವ ಬಗೆ

ವಾಯುಮಾಲಿನ್ಯ ಮಾಪನ ಕೇಂದ್ರದ ಫಲಕದಲ್ಲಿ ಕಾಣುವ ಅಂಕಿ ಆ ಜಾಗದ ಗಾಳಿಯನ್ನು ಹೇಳುತ್ತದೆಯೇ ಹೊರತು ನಿಮ್ಮ ಮೂಗಿನ ಮುಂದಿನ ಗಾಳಿಯನ್ನಲ್ಲ. ಬೆಂಗಳೂರಿನ ಒಂದೇ ಬೀದಿಯಲ್ಲಿರುವ ಇಬ್ಬರಲ್ಲಿ ಒಬ್ಬರು ನಸುಕಿನಲ್ಲೇ ಮುಖ್ಯರಸ್ತೆ ಗುಡಿಸುವ ಪೌರಕಾರ್ಮಿಕರೂ ಇನ್ನೊಬ್ಬರು ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವವರೂ ಆಗಿದ್ದರೆ, ಸಂಜೆಯ ವೇಳೆಗೆ ಅವರ ಶ್ವಾಸಕೋಶ ಸೇರಿದ ಧೂಳು ಒಂದೇ ಆಗಿರುವುದಿಲ್ಲ. ನಿಮ್ಮ ಪಾಲು ಎಷ್ಟೆಂದು ಅಂದಾಜು ಮಾಡಲು ಒಂದು ನೋಟ್‌ಬುಕ್ ಸಾಕು.

ಸಾಮಾನ್ಯವಾದ ಒಂದು ಕೆಲಸದ ದಿನ, ಅರ್ಧ ಗಂಟೆಗೊಮ್ಮೆ ಮೂರು ಸಂಗತಿಗಳನ್ನು ಬರೆಯಿರಿ: ಎಲ್ಲಿದ್ದಿರಿ, ಹತ್ತಿರದಲ್ಲಿ ಏನು ಉರಿಯುತ್ತಿತ್ತು, ಮೈಗೆ ಎಷ್ಟು ದುಡಿಮೆಯಿತ್ತು. ಮೂರನೆಯದನ್ನು ಹಲವರು ಬಿಟ್ಟುಬಿಡುತ್ತಾರೆ; ಆದರೆ ಕೂತವರಿಗಿಂತ ಓಡುವವರು ಹಲವು ಪಟ್ಟು ಹೆಚ್ಚು ಗಾಳಿ ಎಳೆದುಕೊಳ್ಳುತ್ತಾರೆ. ನಿದ್ದೆಯ ಹೊತ್ತನ್ನೂ ಸೇರಿಸಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಸೊಳ್ಳೆಬತ್ತಿ ರಾತ್ರಿಯಿಡೀ ಹೊಗೆಯಾಡುತ್ತಿದ್ದರೆ, ಅದು ದಿನದ ಅತಿ ದೀರ್ಘ ಸಾಲು.

ಮನೆಯೊಳಗಿನ ಸಾಲುಗಳನ್ನು ನಿಧಾನವಾಗಿ ಓದಿ. ಅಡುಗೆಗೆ ಗ್ಯಾಸ್ ಬಂದು ವರ್ಷಗಳಾದ ಮನೆಗಳಲ್ಲೂ ಬಚ್ಚಲ ಹಂಡೆಯ ಕೆಳಗೆ ಸೌದೆಯೋ ತೆಂಗಿನ ಗರಿಯೋ ಉರಿಯುತ್ತಿರುವುದು ಹಳ್ಳಿಗಳಲ್ಲಿ ಸಾಮಾನ್ಯ. ಹಸಿ ಗರಿ ಹೊತ್ತಿಕೊಳ್ಳದೆ ಬಿಳಿ ಹೊಗೆ ಕಾರತೊಡಗಿದಾಗ ಬಗ್ಗಿ ಊದುಕೊಳವೆಯಿಂದ ಊದುವವರು ಹೆಚ್ಚಾಗಿ ಮನೆಯ ಹೆಂಗಸರೇ. ಆದ್ದರಿಂದ ಮನೆಗೆಲ್ಲ ಸೇರಿ ಒಂದೇ ಲೆಕ್ಕ ಬರೆದರೆ ನಿಜ ಮರೆಯಾಗುತ್ತದೆ. ಪ್ರತಿಯೊಬ್ಬರದೂ ಬೇರೆ ಹಾಳೆಯಲ್ಲಿರಲಿ. ಗರಿಯನ್ನು ಒಣಗಿಸಿಡುವುದು, ಒಲೆಗೆ ಹೊಗೆಕೊಳವೆ ಹಾಕಿಸುವುದು, ಒಗ್ಗರಣೆಗೆ ಮೊದಲೇ ಕಿಟಕಿ ತೆರೆಯುವುದು, ಊದುಬತ್ತಿಯನ್ನು ಗಾಳಿಯಾಡುವ ಕಡೆ ಹಚ್ಚುವುದು ಕಡಿಮೆ ಖರ್ಚಿನ ಬದಲಾವಣೆಗಳು.

ಪ್ರಯಾಣದಲ್ಲಿ ಬಸ್ಸು ಲಾರಿಗಳ ಹಿಂದೆಯೇ ಬೈಕ್ ನಿಲ್ಲಿಸದಿರುವುದು, ಸಾಧ್ಯವಾದರೆ ಒಳರಸ್ತೆ ಹಿಡಿಯುವುದು ಒಳ್ಳೆಯದು. ಚಳಿಗಾಲದ ಬೆಳಗ್ಗೆ ತಣ್ಣನೆಯ ಗಾಳಿ ಹೊಗೆಯನ್ನು ನೆಲದ ಹತ್ತಿರವೇ ಹಿಡಿದಿಡುವುದರಿಂದ ವಾಯುವಿಹಾರವನ್ನು ಬಿಸಿಲೇರಿದ ಮೇಲೆ, ರಸ್ತೆಯಂಚು ಬಿಟ್ಟು ಉದ್ಯಾನದ ಒಳಗೆ ಮಾಡಿರಿ. ಆ ದಿನದ ಅಂಕಿಯನ್ನು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ನೋಡಬಹುದು. ಪಿಎಂ 2.5 ಎಂಬ, ಶ್ವಾಸಕೋಶದ ಆಳಕ್ಕಿಳಿಯುವಷ್ಟು ಸೂಕ್ಷ್ಮ ಕಣಗಳಿಗೆ 24 ಗಂಟೆಯ ಸರಾಸರಿ ಮಿತಿ ಭಾರತದಲ್ಲಿ ಘನಮೀಟರಿಗೆ 60 ಮೈಕ್ರೊಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ 15. ಅಂದರೆ ನಮ್ಮ ಮಿತಿಯೊಳಗಿದೆ ಎಂಬ ಮಾತನ್ನು ಸ್ವಚ್ಛವಾಗಿದೆ ಎಂದು ಓದಬಾರದು.

ಕೊನೆಗೆ, ನಿಮ್ಮ ಕೈಯಲ್ಲಿಲ್ಲದ ಸಾಲುಗಳಿಗೆ ಕೆಂಪು ಗೆರೆ ಎಳೆಯಿರಿ. ವೃತ್ತದಲ್ಲಿ ನಿಲ್ಲುವ ಸಂಚಾರ ಪೊಲೀಸರಿಗೆ, ಆಟೊ ಚಾಲಕರಿಗೆ, ಒಲೆಯೂ ಹಾಸಿಗೆಯೂ ಒಂದೇ ಕೋಣೆಯಲ್ಲಿರುವ ಬಾಡಿಗೆದಾರರಿಗೆ ಜೀವನಶೈಲಿ ಬದಲಿಸಿ ಎಂದು ಉಪದೇಶಿಸುವುದು ಅನ್ಯಾಯವೆಂದೇ ನನ್ನ ಭಾವನೆ; ಅಲ್ಲಿ ಪಾಳಿಯ ಅವಧಿ ಕಡಿಮೆ ಮಾಡುವಂತೆ, ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಒದಗಿಸುವಂತೆ ಕೆಲಸ ಕೊಟ್ಟವರನ್ನು ಕೇಳಲು ಈ ಹಾಳೆಯೇ ಆಧಾರ. ಮಾಸ್ಕ್ ಕಣಗಳನ್ನು ತಡೆಯುತ್ತದೆ, ಕಾರ್ಬನ್ ಮೊನಾಕ್ಸೈಡಿನಂಥ ಅನಿಲವನ್ನಲ್ಲ. ಬದಲಾವಣೆಗಳನ್ನು ಮಾಡಿದ ಎರಡು ವಾರಗಳ ನಂತರ ವಾರದ ಅದೇ ದಿನ ಮತ್ತೊಮ್ಮೆ ಬರೆದು, ಎರಡು ಹಾಳೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿರಿ.