ಗಿಣಿಪಾಠದ ಧರ್ಮ ನಿಲ್ಲಲಿಲ್ಲ, ಪ್ರಶ್ನೆಯಿಂದ ಬಂದದ್ದು ನಿಂತಿತು

ನನ್ನ ಇಬ್ಬರು ಮಕ್ಕಳಿಗೂ ಈಗ ಸುಮಾರು 60 ವಚನ ಬರುತ್ತವೆ. ಅರ್ಥ ಕೇಳಿದರೆ ಹೇಳುತ್ತಾರೆ, ಒಪ್ಪಿಗೆ ಆಗದಿದ್ದರೆ ವಾದಕ್ಕೇ ನಿಲ್ಲುತ್ತಾರೆ. ಒತ್ತಾಯ ಮಾಡದಿದ್ದರೆ ಮಕ್ಕಳು ಕೈತಪ್ಪುತ್ತವೆ ಎಂದಿದ್ದರು ಮನೆಯ ಹಿರಿಯರು. ದೊಡ್ಡವರಾಗುವ ತನಕ ದೇವರ ಸುದ್ದಿಯೇ ಬೇಡ ಎಂದಿದ್ದರು ಗೆಳೆಯರು. ಇಬ್ಬರ ಮಾತೂ ಸುಳ್ಳಾಯಿತು, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಹುಬ್ಬಳ್ಳಿಯ ಲಿಂಗಾಯತ ಮನೆ. ಹಣೆಗೆ ವಿಭೂತಿ, ಮೈಮೇಲೆ ಧರಿಸಿ ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗ ನಮ್ಮ ರೂಢಿ.

ಮೊದಲು ಬೇಸಿಗೆ ಶಿಬಿರಕ್ಕೆ ಹಾಕಿದೆವು. ಒಬ್ಬರಿಗೆ 3 ಸಾವಿರದ ಹತ್ತಿರ ಫೀಸು. ಸಾಲುಸಾಲಾಗಿ ಕೂರಿಸಿ 40 ವಚನ ಒಪ್ಪಿಸಿಕೊಂಡರು. ದಸರಾ ಹೊತ್ತಿಗೆ ನಾಲ್ಕೂ ಉಳಿದಿರಲಿಲ್ಲ. ಆಮೇಲೆ ವಚನಕ್ಕೆ 10 ರೂಪಾಯಿ ಇನಾಮು. ತಿಂಗಳಿಗೆ 400 ದಾಟಿತು. ಮಗ ಹುಡುಕಿ ಹುಡುಕಿ ಚಿಕ್ಕ ವಚನಗಳನ್ನೇ ಕಲಿತ. ದುಡ್ಡು ನಿಂತ ವಾರವೇ ವಚನವೂ ನಿಂತಿತು. ಮನೆಗೇ ಬಂದು ಕಲಿಸುವವರನ್ನೂ ಇಟ್ಟೆವು, ತಿಂಗಳಿಗೆ ಒಂದೂವರೆ ಸಾವಿರ. ‘ದೇವರು ಎಲ್ಲಾ ಕಡೆ ಇದ್ದರೆ ಗುಡಿ ಯಾಕೆ?’ ಎಂದು ಮಗಳು ಕೇಳಿದಳು. ಅವರು ಗದರಿದರು. ಮರುದಿನದಿಂದ ಅವಳು ಹತ್ತಿರ ಸುಳಿಯಲಿಲ್ಲ.

ನಾನು ಆ ಪ್ರಶ್ನೆಯನ್ನೇ ಹಿಡಿದೆ. ಇದನ್ನೇ ಬಸವಣ್ಣ 12ನೇ ಶತಮಾನದಲ್ಲಿ ಕೇಳಿದ್ದ, ಅಲ್ವಾ? ಕಾಲೇ ಕಂಬ, ದೇಹವೇ ದೇಗುಲ ಎನ್ನುವ ಆ ವಚನ ಹೇಳಿದೆ. ಮಗಳು ಎದ್ದು ನಿಂತಳು. ಎರಡೂ ಕಾಲು ಬಿಗಿ ಮಾಡಿ ನೆಲಕ್ಕೆ ಊರಿದಳು. ನೆತ್ತಿ ಮುಟ್ಟಿ, ‘ಹಂಗಾದ್ರೆ ಇದು ಕಳಸ’ ಎಂದಳು. ಮಲಗುವಷ್ಟರಲ್ಲಿ ವಚನ ಅವಳ ಬಾಯಿಗೆ ಬಂದಿತ್ತು.

ಅಂದಿನಿಂದ ಪ್ರಶ್ನೆ ಬರುವವರೆಗೆ ನಾನು ವಚನ ತೆಗೆಯುವುದಿಲ್ಲ. ಪ್ರಶ್ನೆಗಳಿಗೆಂದೇ ಒಂದು ನೋಟ್‌ಬುಕ್ಕು. ಉತ್ತರ ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ. ಪೂಜೆ ಅವರಿಷ್ಟ. ದಾಸೋಹಕ್ಕೆ ಮಾತ್ರ ರಿಯಾಯಿತಿ ಇಲ್ಲ: ಮನೆಯಲ್ಲಿ ಯಾರೇ ಉಣ್ಣಲು ಕೂತರೂ ಬಡಿಸುವುದು, ಎಲೆ ಎತ್ತುವುದು ಮಕ್ಕಳೇ. ಮಕ್ಕಳು ತಾವಾಗಿ ಪ್ರಶ್ನೆ ಕೇಳುವ ಹಾಗೆ ಮಾಡಲು ಒಂದು ಉಪಾಯ ಇದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನನ್ನ ಮಕ್ಕಳೂ ಇದನ್ನು ಓದುತ್ತಾರೆ.

ನಡುವೆ ಸುತ್ತಾಟವೂ ಆಯಿತು. ಬಾದಾಮಿಗೆ ಕಾರು, ಊಟ ಸೇರಿ ಎರಡೂವರೆ ಸಾವಿರ ಬಿತ್ತು. ಮೊದಲ ಗುಹೆಯ ನಟರಾಜನ ಕೈಗಳನ್ನು ಎಣಿಸಲು ಬಿಟ್ಟೆ. 18 ಸಿಗುವವರೆಗೆ ಇಬ್ಬರೂ ಜಾಗ ಬಿಟ್ಟು ಕದಲಲಿಲ್ಲ. ಮೇಲೆ ವಿಷ್ಣು, ಕೊನೆಯ ಗುಹೆಯಲ್ಲಿ ತೀರ್ಥಂಕರರು. ಒಂದೇ ಬೆಟ್ಟದಲ್ಲಿ ಮೂರೂ ಹೇಗೆ ಎನ್ನುವುದರಿಂದಲೇ ನೋಟ್‌ಬುಕ್ಕಿನ ಎರಡು ಪುಟ ತುಂಬಿತು. ಶಿಶುನಾಳಕ್ಕೂ ಹೋದೆವು. ತತ್ವಪದಗಳ ಸಂತ ಷರೀಫರು (1819–1889) ಮುಸಲ್ಮಾನರು, ಗುರು ಗೋವಿಂದಭಟ್ಟರು ಬ್ರಾಹ್ಮಣರು. ‘ಹಂಗಾದ್ರೆ ಷರೀಫರು ಯಾರ ಕಡೆಯವರು?’ ಎಂದ ಮಗ. ನಾನು ಉತ್ತರ ಕೊಡಲಿಲ್ಲ. ಗದ್ದುಗೆಗೆ ಎರಡೂ ಕಡೆಯವರು ಕೈ ಮುಗಿಯುವುದನ್ನು ಸುಮ್ನೆ ನೋಡಲು ಬಿಟ್ಟೆ. ನನ್ನ ಪ್ರಕಾರ ಶಿಬಿರದ ಅಷ್ಟೂ ದುಡ್ಡಿಗಿಂತ ಆ ಒಂದು ಗಂಟೆ ಜಾಸ್ತಿ ಕಲಿಸಿತು.

ಮಗಳು ಈಗ ತಾನಾಗಿಯೇ ಲಿಂಗಪೂಜೆ ಮಾಡಿಕೊಳ್ಳುತ್ತಾಳೆ. ಮಗ ಕೂರುವುದಿಲ್ಲ, ಕೂರು ಎಂದು ನಾನೂ ಹೇಳುವುದಿಲ್ಲ. ಆದರೆ ಕೃಷ್ಣಾ, ಮಲಪ್ರಭಾ ಸೇರುವ, ಬಸವಣ್ಣ ಐಕ್ಯನಾದ ಕೂಡಲಸಂಗಮಕ್ಕೆ ಕರೆದುಕೊಂಡು ಹೋಗು ಎಂದು ಕಾಡುತ್ತಿರುವವನು ಅವನೇ.